ಶಲ್ಯದ ಕೆಳಗಿನ ದರ

ಮ್ಯಾಂಚೆಸ್ಟರ್, ೧೬ ಜನವರಿ ೧೯೦೮

ಗುರುಬಸವಕ್ಕನಿಗೆ ತಮ್ಮ ನಿಜಗುಣಪ್ಪನ ಶರಣು.

ಚೆನ್ನಾಗಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆಯದಿದ್ದರೆ ನೀನು ಎರಡನೆಯ ಸಾಲು ಓದುವುದಿಲ್ಲ. ಹಾಗಾಗಿ ಬರೆದೆ. ಚೆನ್ನಾಗಿದ್ದೇನೆ, ಚಳಿ ಬಹಳ, ಊಟಕ್ಕೆ ಬಟಾಟಿ ಗಡ್ಡೆ, ರಾತ್ರಿಗೂ ಬಟಾಟಿ. ನೇಯ್ಗೆ ಶಾಲೆಯಲ್ಲಿ ಇದು ನನ್ನ ಎರಡನೆಯ ವರ್ಷ. ಮೂರನೆಯ ವರ್ಷಕ್ಕೆ ವಿದ್ಯಾರ್ಥಿವೇತನ ಬೇಕಾದರೆ ಒಂದು ಪ್ರಬಂಧ ಬರೆದು ಗೆಲ್ಲಬೇಕು ಎಂದು ನಮ್ಮ ಗುರುಗಳು ಹೇಳಿದ್ದಾರೆ.

ವಿಷಯ ಕೇಳು. ಈ ದೇಶ ನೂರು ವರ್ಷಕ್ಕೂ ಮೇಲ್ಪಟ್ಟು ಬೆಳೆಯುತ್ತಲೇ ಬಂದಿದೆ. ಅಪ್ಪನಿಗಿಂತ ಮಗ ಹೆಚ್ಚು ಗಳಿಸಿದ್ದಾನೆ, ಮಗನಿಗಿಂತ ಮೊಮ್ಮಗ. ನಡುವೆ ಬಿದ್ದಿದೆ, ಎದ್ದಿದೆ, ಮತ್ತೆ ಮೇಲೆ ಹೋಗಿದೆ. ಇದಕ್ಕೆ ಕಾರಣವೇನು?

ನನಗಂತೂ ಉತ್ತರ ಎದುರಿಗೇ ಇದೆ. ಯಂತ್ರ! ಒಂದು ಗಿರಣಿಯಲ್ಲಿ ನಮ್ಮ ಇಡೀ ಬೈಲಹೊಂಗಲದ ಹತ್ತಿ ಎರಡು ವಾರಕ್ಕೆ ನೂಲಾಗುತ್ತದೆ. ಮಗ್ಗಗಳ ಸದ್ದಿಗೆ ಇಲ್ಲಿಯ ಹೆಂಗಸರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ನಾಲ್ಕು ಹಾಳೆ ಆಗಲೇ ಬರೆದಿದ್ದೇನೆ. ವೇತನ ಬಂದಂತೆಯೇ ಎಂದು ತಿಳಿ.

ನಿಜಗುಣ

•

ಬೈಲಹೊಂಗಲ, ೧೨ ಫೆಬ್ರವರಿ ೧೯೦೮

ತಮ್ಮ ನಿಜಗುಣನಿಗೆ ಅಕ್ಕನ ಆಶೀರ್ವಾದ, ಜೊತೆಗೆ ಸ್ವಲ್ಪ ಬೈಗುಳ.

ನಾಲ್ಕು ಹಾಳೆ ಬರೆದ ಮೇಲೆ ಅಕ್ಕನನ್ನು ಕೇಳುವ ಬುದ್ಧಿ ನಿನಗೆ ಚಿಕ್ಕಂದಿನಿಂದಲೂ ಇದೆ. ನಿನ್ನ ಪಾಟಿಯನ್ನು ಕದ್ದು ಅಕ್ಷರ ಕಲಿತವಳು ನಾನು, ಆದ್ದರಿಂದ ನಿನ್ನ ಗುರುಗಳ ಪ್ರಶ್ನೆ ನನಗೂ ಬಂದಂತೆಯೇ.

ಯಂತ್ರ ಅಂದೆಯಲ್ಲ. ರಾಮದುರ್ಗದಲ್ಲಿ ಒಬ್ಬ ನೇಕಾರ ಹೊಸ ಮಗ್ಗ ತಂದಿದ್ದಾನೆ. ಹಗ್ಗ ಎಳೆದರೆ ಲಾಳಿ ತಾನೇ ಆ ಕಡೆ ಈ ಕಡೆ ಓಡುತ್ತದೆಯಂತೆ. ಒಂದು ಸೀರೆ ನೇಯುವ ಹೊತ್ತಿಗೆ ಎರಡು ಮುಗಿಸುತ್ತಾನೆ. ಆದರೆ ಅದನ್ನು ಒಳಗಿನ ಕೋಣೆಯಲ್ಲಿಟ್ಟು, ಅಗಳಿ ಹಾಕಿಕೊಂಡು ನೇಯುತ್ತಾನೆ. ಸ್ವಂತ ಭಾವಮೈದುನ ನೀರು ಕೇಳಿ ಬಂದರೂ ಬಾಗಿಲು ತೆಗೆಯುವುದಿಲ್ಲ. ಅವನು ಮೂರು ವರ್ಷದ ಹಿಂದೆ ಒಂದು ಸಲ ಮೇಲೆದ್ದ, ಅಲ್ಲಿಗೇ ನಿಂತ. ಅವನ ಓಣಿ ಇದ್ದ ಹಾಗೇ ಇದೆ. ಯಂತ್ರ ಒಂದು ಸಲ ಎತ್ತಿ ಕೂರಿಸುತ್ತದೆ, ಒಪ್ಪಿದೆ. ಪ್ರತಿ ವರ್ಷ ಎತ್ತುವವರು ಯಾರು? ಅದನ್ನು ಬರೆ.

ನಮ್ಮ ಹೊಲದ ಹತ್ತಿ ಈ ಸಲ ಚೆನ್ನಾಗಿ ಒಡೆದಿದೆ. ನಿನ್ನ ಭಾವ ತೀರಿಕೊಂಡ ಮೇಲೆ ಇದು ನಾನೇ ನಿಂತು ಮಾಡಿಸಿದ ಎರಡನೆಯ ಬೆಳೆ. ಮಾರುವುದನ್ನು ಮೈದುನ ವೀರಪ್ಪ ನೋಡಿಕೊಳ್ಳುತ್ತಾನೆ. ನನ್ನ ಚಿಂತೆ ನಿನಗೆ ಬೇಡ.

ಗುರುಬಸವ್ವ

•

ಮ್ಯಾಂಚೆಸ್ಟರ್, ೧೨ ಮಾರ್ಚ್ ೧೯೦೮

ಅಕ್ಕಾ,

ನಿನ್ನ ಪತ್ರ ಓದಿ ನನ್ನ ನಾಲ್ಕು ಹಾಳೆ ಒಲೆಗೆ ಹೋದವು. ಚಳಿಗೆ ಒಳ್ಳೆಯದೇ ಆಯಿತು.

ಈಗ ಗಟ್ಟಿಯಾಗಿ ಬರೆಯುತ್ತಿದ್ದೇನೆ. ನೆಲದೊಳಗೆ ಕಲ್ಲಿದ್ದಲು ಇದೆ, ಸುತ್ತ ಸಮುದ್ರವಿದೆ, ದುಡ್ಡು ಕೂಡಿಡಲು ಬ್ಯಾಂಕುಗಳಿವೆ, ಕೊಟ್ಟ ಮಾತು ತಪ್ಪಿದರೆ ನ್ಯಾಯಾಲಯವಿದೆ. ಮತ್ತೆ, ಗುರುಗಳು ಮುಖ ಸಿಂಡರಿಸಿದರೂ ಬರೆದೇ ಬರೆದೆ, ನಮ್ಮಂಥವರಿಂದ ಒಯ್ದದ್ದಿದೆ. ಇನ್ನೂ ಒಂದಿದೆ. ನಾನು ಬಾಡಿಗೆಗಿರುವ ಮನೆಯೊಡತಿಯ ಹನ್ನೆರಡು ವರ್ಷದ ಮಗಳು ಅರ್ಧ ದಿನ ಶಾಲೆಗೆ, ಅರ್ಧ ದಿನ ಗಿರಣಿಗೆ ಹೋಗುತ್ತಾಳೆ. ಶಾಲೆಯಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಾಳಂತೆ. ಅವಳ ಬೆವರನ್ನೂ ಪಟ್ಟಿಯಲ್ಲಿ ಸೇರಿಸಿದ್ದೇನೆ.

ಆರು ಕಾರಣ ಆದವು. ಇನ್ನೆರಡು ಸಿಕ್ಕರೆ ಪ್ರಬಂಧ ತುಂಬುತ್ತದೆ. ನಿನ್ನ ಹತ್ತಿ ಎಷ್ಟಕ್ಕೆ ಹೋಯಿತು ಬರೆ.

ನಿಜಗುಣ

•

ಬೈಲಹೊಂಗಲ, ೨೦ ಏಪ್ರಿಲ್ ೧೯೦೮

ನಿಜಗುಣಾ,

ಹತ್ತಿ ಹೋಯಿತು. ಅಂಡಿಗೆ ಚೀಲವೊಂದಕ್ಕೆ ಇಪ್ಪತ್ತೆರಡು ರೂಪಾಯಿ. ವಿಲಾಯತಿಯಲ್ಲೇ ದರ ಬಿದ್ದಿದೆ ಎಂದು ವೀರಪ್ಪ ಹೇಳಿದ.

ಕಲ್ಲಿದ್ದಲು ಮುನ್ನೂರು ವರ್ಷದ ಹಿಂದೆಯೂ ನೆಲದಲ್ಲೇ ಇತ್ತಲ್ಲ? ಒಯ್ದದ್ದು ಅಂದೆ. ಕಿತ್ತೂರಿನ ಕೋಟೆಯಿಂದ ಏನೇನು ಒಯ್ದರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಒಯ್ದವರ ಪಾಪ ಅವರಿಗಿರಲಿ, ಆದರೆ ಒಯ್ದದ್ದು ಒಂದು ದಿನ ಖರ್ಚಾಗಿ ಹೋಗುತ್ತದೆ. ನಿನ್ನ ಗುರುಗಳು ಕೇಳಿದ್ದು ಮುಗಿಯದ್ದರ ಬಗ್ಗೆ.

ಬೇರೆ ವಿಶೇಷವಿಲ್ಲ.

ಗುರುಬಸವ್ವ

•

ಮ್ಯಾಂಚೆಸ್ಟರ್, ೨೧ ಮೇ ೧೯೦೮

ಅಕ್ಕಾ,

ಇಷ್ಟು ಸಣ್ಣ ಪತ್ರವನ್ನು ನೀನು ಈವರೆಗೆ ಬರೆದಿಲ್ಲ. ಕಿತ್ತೂರಿನ ಮಾತು ಬಂದದ್ದಕ್ಕೆ ಬೇಸರವಾಯಿತೇ? ನಾನು ಇಲ್ಲಿ ಕೂತು ಈ ಜನರನ್ನು ಹೊಗಳುತ್ತಿದ್ದೇನೆ ಎಂದು ಸಿಟ್ಟೇ? ಸಿಟ್ಟಾಗಬೇಡ.

ನಿನ್ನ ಮನಸ್ಸು ಹಗುರಾಗಲಿ ಎಂದು ಒಂದು ಸಂಗತಿ. ಹೋದ ವಾರ ಲಿವರ್‌ಪೂಲಿಗೆ ಹೋಗಿದ್ದೆ. ಅಲ್ಲಿಯ ಹತ್ತಿ ಪೇಟೆಯ ಕಂಬಗಳನ್ನು ನೀನು ನೋಡಬೇಕು! ಒಂದೊಂದು ಕಂಬವನ್ನು ತಬ್ಬಲು ಮೂರು ಜನ ಬೇಕು. ಮೇಲೆ ಗಾಜಿನ ಗುಮ್ಮಟ, ನೆಲಕ್ಕೆ ಬಣ್ಣದ ಕಲ್ಲು, ಜನರೆಲ್ಲ ಕರಿ ಟೊಪ್ಪಿಗೆ ಹಾಕಿಕೊಂಡು ಗಂಟಲು ಹರಿಯುವಂತೆ ಕೂಗುತ್ತಾರೆ. ಗೋಡೆಗೆ ಒಂದು ಹಲಗೆ, ಅದರ ಮೇಲೆ ಯಾವ ಹತ್ತಿಗೆ ಎಷ್ಟು ದರ ಎಂದು ಎಲ್ಲರಿಗೂ ಕಾಣುವಂತೆ ಬರೆದಿರುತ್ತಾರೆ, ಕಸ ಗುಡಿಸುವವನೂ ನಿಂತು ಓದುತ್ತಾನೆ. ನಮ್ಮ ಸೀಮೆಯ ಹತ್ತಿಯ ಹೆಸರೂ ಇತ್ತು. ಖುಷಿಯಾಗಿ, ಮಾರ್ಚಿಯಿಂದ ಮೇ ತನಕದ ದರ ಅಚ್ಚು ಹಾಕಿದ ಕಾಗದವೊಂದನ್ನು ನಿನಗಾಗಿ ತಂದಿದ್ದೇನೆ. ಇದರ ಜೊತೆ ಇಟ್ಟಿದ್ದೇನೆ, ನೆನಪಿಗೆ ಇರಲಿ.

ಪ್ರಬಂಧ ಒಪ್ಪಿಸಿದೆ. ಕಾರಣಗಳು ಎಂಟು.

ನಿಜಗುಣ

•

ಬೈಲಹೊಂಗಲ, ೨೫ ಆಗಸ್ಟ್ ೧೯೦೮

ನಿಜಗುಣಾ,

ನಿನ್ನ ಪತ್ರ ಬಂದು ಎರಡು ತಿಂಗಳಾದರೂ ಬರೆಯಲಿಲ್ಲ. ಮೊದಲು ವಿಷಯ ತಿಳಿದುಕೊಳ್ಳಬೇಕಿತ್ತು, ಆಮೇಲೆ ಸಿಟ್ಟು ಇಳಿಯಬೇಕಿತ್ತು. ಮೊದಲನೆಯದು ಆಯಿತು, ಎರಡನೆಯದು ಆಗಿಲ್ಲ.

ಕಂಬದ ಬಗ್ಗೆ ಅರ್ಧ ಪುಟ ಬರೆದು ಹಲಗೆಯ ಬಗ್ಗೆ ಎರಡು ಸಾಲು ಬರೆದ ಜಾಣ ನೀನು. ಆ ಇಂಗ್ಲಿಷ್ ಕಾಗದವನ್ನು ಟಪ್ಪಾಲು ಮಾಸ್ತರರಿಂದ ಓದಿಸಿದೆ. ಮಾರ್ಚಿಯಿಂದ ಮೇ ತನಕ ನಮ್ಮ ಹತ್ತಿಯ ದರ ಬಿದ್ದೇ ಇಲ್ಲ. ಹಾಗಾದರೆ ಇಪ್ಪತ್ತೆರಡು ಎಲ್ಲಿಂದ ಬಂತು?

ನೀನು ಶಾಲೆಯ ಮೆಟ್ಟಿಲು ಹತ್ತಿದವನು, ಪೇಟೆಯ ಕಟ್ಟೆ ಹತ್ತಿದವನಲ್ಲ. ಅದಕ್ಕೆ ಬಿಡಿಸಿ ಹೇಳುತ್ತೇನೆ. ನಮ್ಮ ಪೇಟೆಯಲ್ಲಿ ದರವನ್ನು ಬಾಯಿಂದ ಯಾರೂ ಆಡುವುದಿಲ್ಲ. ದಲಾಲ ತನ್ನ ಶಲ್ಯ ಹಾಸುತ್ತಾನೆ, ಅದರ ಕೆಳಗೆ ರೈತನ ಕೈ ಹಿಡಿಯುತ್ತಾನೆ, ಬೆರಳು ಅದುಮಿ ದರ ಹೇಳುತ್ತಾನೆ. ರೈತನೂ ಬೆರಳಲ್ಲೇ ಉತ್ತರ ಕೊಡುತ್ತಾನೆ. ಪಕ್ಕದಲ್ಲಿ ನಿಂತವನಿಗೆ ಎರಡು ನಗುಮುಖ ಕಾಣುತ್ತವೆ, ಅಷ್ಟೇ. ಹಿಂದಿನಿಂದ ಬಂದ ಮರ್ಯಾದೆಯ ಪದ್ಧತಿ, ಯಾರೂ ಏಕೆ ಎಂದು ಕೇಳಿಲ್ಲ.

ನಾನು ಗಾಡಿ ಕಟ್ಟಿಸಿಕೊಂಡು ಮನೋಳಿಗೆ ಹೋದೆ, ಕಟಕೋಳಕ್ಕೆ ಹೋದೆ. ನಾವು ಮಾರಿದ ದಿನವೇ, ಅದೇ ದಲಾಲನಿಗೆ, ಮನೋಳಿಯ ಮಡಿವಾಳೆಪ್ಪ ಇಪ್ಪತ್ನಾಲ್ಕಕ್ಕೆ ಕೊಟ್ಟಿದ್ದಾನೆ, ಕಟಕೋಳದವನೊಬ್ಬ ಇಪ್ಪತ್ತೊಂದಕ್ಕೆ. ನನ್ನ ಹತ್ತಿಗೆ ದಲಾಲ ವೀರಪ್ಪನ ಕೈಯಲ್ಲಿ ಇಟ್ಟದ್ದು ಇಪ್ಪತ್ತಾರು, ಇದನ್ನು ದಲಾಲನ ಗುಮಾಸ್ತನ ಹೆಂಡತಿಯೇ ಹೇಳಿದಳು. ನನಗೆ ಬಂದದ್ದು ಇಪ್ಪತ್ತೆರಡು. ಉಳಿದ ನಾಲ್ಕು ಮೈದುನನ ಪಾಲು.

ಮಠದ ಕಟ್ಟೆಗೆ ಹೋಗಿ ಹಿರಿಯರ ಎದುರಿಗೆ ಕೇಳಿದೆ. ವೀರಪ್ಪ ನಕ್ಕ.

“ಬರೋ ವರ್ಷದ ಹತ್ತಿ ನಾನ ಮಾರತೇನಿ” ಅಂದೆ.

“ಆತ್ ಬಿಡ್ರಿ ವೈನಿ. ಶಲ್ಯದಾಗ ನಿಮ್ಮ ಕೈ ಯಾರ್ ಹಿಡೀತಾರ?” ಎಂದು ಅತ್ತಿಗೆಗೇ ಅಂದ.

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನನ್ನ ಮುಖ ಬೆಂಕಿಯಾಯಿತು. ವಿಧವೆಯ ಕೈಯನ್ನು ಪೇಟೆಯಲ್ಲಿ ಹಿಡಿಯುವವರು ಯಾರೂ ಇಲ್ಲ, ಹಿಡಿಯಲೂಬಾರದು. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಕಡೆಗೆ ಹಿರಿಯರು ಒಂದು ಮಾತು ಕಟ್ಟಿದರು. ಬರುವ ಸುಗ್ಗಿಯಲ್ಲಿ ನನ್ನ ಹತ್ತಿ ನಾನೇ ಮಾರಿದರೆ ಹೊಲ ನನ್ನ ಕೈಯಲ್ಲೇ. ಆಗದಿದ್ದರೆ ಹೊಲದ ಯಜಮಾನಿಕೆ ವೀರಪ್ಪನಿಗೆ, ನನಗೆ ವರ್ಷಕ್ಕೆ ಕಾಳು, ಬಟ್ಟೆ.

ಒಪ್ಪಿ ಬಂದಿದ್ದೇನೆ.

ಗುರುಬಸವ್ವ

•

ಮ್ಯಾಂಚೆಸ್ಟರ್, ೧ ಅಕ್ಟೋಬರ್ ೧೯೦೮

ಅಕ್ಕಾ,

ಏಕೆ ಒಪ್ಪಿದೆ? ಅಪ್ಪ ಇದ್ದಿದ್ದರೆ ಒಪ್ಪಲು ಬಿಡುತ್ತಿದ್ದನೇ? ನಾನು ಇಷ್ಟು ದೂರ ಇದ್ದೇನೆ, ನೀನು ಪೇಟೆಯಲ್ಲಿ ಗಂಡಸರ ನಡುವೆ ನಿಂತರೆ ಊರು ಏನೆಂದುಕೊಳ್ಳುತ್ತದೆ? ಹಿರಿಯರಿಗೆ ಹೇಳಿ ಮಾತು ಹಿಂದೆ ತೆಗೆದುಕೋ. ಅಂಡಿಗೆಗೆ ನಾಲ್ಕು ರೂಪಾಯಿ ಕಡಿಮೆ ಬಂದರೆ ಬರಲಿ, ಹೊಲವಾದರೂ ನಿನ್ನ ಹೆಸರಲ್ಲಿರುತ್ತದೆ. ನಾನು ಬಂದ ಮೇಲೆ ವೀರಪ್ಪನೊಡನೆ ಮಾತಾಡುತ್ತೇನೆ.

ಇಲ್ಲಿಯೂ ಕಾಲ ಸರಿಯಿಲ್ಲ. ಕೂಲಿಯ ಜಗಳಕ್ಕೆ ಗಿರಣಿಯವರು ಬಾಗಿಲು ಹಾಕಿದ್ದಾರೆ. ಹೊಗೆಯಿಲ್ಲದ ಆಕಾಶ ಮೊದಲ ಸಲ ಕಂಡಿತು. ಮನೆಯೊಡತಿ ಸೂಪಿಗೆ ನೀರು ಹೆಚ್ಚು ಹಾಕುತ್ತಾಳೆ. ನೂರು ವರ್ಷದ ಬೆಳವಣಿಗೆ ಇಷ್ಟೇನೇ ಎಂದು ನನಗೇ ಅನುಮಾನ ಬಂದಿದೆ.

ನಿಜಗುಣ

•

ಮ್ಯಾಂಚೆಸ್ಟರ್, ೧೮ ಫೆಬ್ರವರಿ ೧೯೦೯

ಅಕ್ಕಾ,

ನಾಲ್ಕು ತಿಂಗಳಾಯಿತು, ನಿನ್ನಿಂದ ಒಂದಕ್ಷರವಿಲ್ಲ. ನನ್ನ ಹಿಂದಿನ ಪತ್ರ ಓದಿ ನೀನು ಟಪ್ಪಾಲು ನಿಲ್ಲಿಸಿದ್ದರೆ ಅದು ನ್ಯಾಯವೇ. ಹೆದರಿ ಬರೆದೆ. ಊರು ಬಿಟ್ಟು ಸಮುದ್ರ ದಾಟಿದವನು ನಾನು, ಆದರೆ ಹೆದರುವವನೂ ನಾನೇ ಆದೆ.

ನಿನಗೆ ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ನನ್ನ ಪ್ರಬಂಧ ಜೂನ್‌ನಲ್ಲೇ ಹಿಂದೆ ಬಂತು. ಗುರುಗಳು ಕೊನೆಯಲ್ಲಿ ಒಂದೇ ಸಾಲು ಬರೆದಿದ್ದರು: ಇದು ಪಟ್ಟಿ, ಕಾರಣವಲ್ಲ. ಅಂದಿನಿಂದ ವೇತನವಿಲ್ಲ. ಒಂದು ಗೋದಾಮಿನಲ್ಲಿ ಹತ್ತಿ ವಿಂಗಡಿಸಿ ಹೊಟ್ಟೆ ಹೊರೆಯುತ್ತಿದ್ದೇನೆ. ಮತ್ತೆ ಬರೆದು ಕೊಡಲು ಈ ಜುಲೈವರೆಗೆ ಅವಕಾಶ ಕೊಟ್ಟಿದ್ದಾರೆ, ಆದರೆ ಬರೆಯಲು ಏನೂ ಇಲ್ಲ.

ಗಿರಣಿಗಳು ಏಳು ವಾರಕ್ಕೆ ಮತ್ತೆ ತೆರೆದವು. ಆಶ್ಚರ್ಯವೆಂದರೆ, ಹದಿನೈದು ದಿನದಲ್ಲಿ ಎಲ್ಲ ಮೊದಲಿನಂತೆ ಓಡುತ್ತಿತ್ತು. ಬಾಗಿಲು ಹಾಕಿದ್ದರೂ ಯಾರೂ ತಮಗೆ ತಿಳಿದ ಕೆಲಸ ಮರೆತಿರಲಿಲ್ಲ.

ಅಕ್ಕಾ, ಸುಗ್ಗಿ ಬಂತು. ಏನಾಯಿತು ಎಂದು ಬರೆ. ಸೋತಿದ್ದರೂ ಬರೆ.

ನಿಜಗುಣ

•

ಬೈಲಹೊಂಗಲ, ೫ ಏಪ್ರಿಲ್ ೧೯೦೯

ನಿಜಗುಣಾ, ನನ್ನ ಪೆದ್ದ ತಮ್ಮಾ,

ಗೆದ್ದೆ ಕಣೋ! ಗೆದ್ದೆ, ಗೆದ್ದೆ, ಗೆದ್ದೆ! ಇದನ್ನು ಮೊದಲು ಓದಿ, ಉಸಿರು ಬಿಟ್ಟು, ಆಮೇಲೆ ಉಳಿದದ್ದನ್ನು ಓದು.

ನಿನ್ನ ಪತ್ರಕ್ಕೆ ಉತ್ತರ ಬರೆಯದಿದ್ದದ್ದು ಸಿಟ್ಟಿನಿಂದಲ್ಲ. ಬರೆದಿದ್ದರೆ ನನ್ನ ಹೆದರಿಕೆಯೂ ಕಾಗದದ ಮೇಲೆ ಬರುತ್ತಿತ್ತು. ಚಳಿಗಾಲವೆಲ್ಲ ನಿದ್ದೆಯಿಲ್ಲ. ಒಂದೇ ಯೋಚನೆ. ನನ್ನ ಕೈ ಯಾರೂ ಹಿಡಿಯುವುದಿಲ್ಲ, ಬೆರಳು ನನ್ನ ಪಾಲಿಗೆ ಇಲ್ಲ. ಉಳಿದದ್ದು ಬಾಯಿ. ಆದರೆ ಕೂಗುವವಳ ಮಾಲನ್ನು ಯಾರು ನಂಬುತ್ತಾರೆ? ಮಾಲೂ ಬಯಲಲ್ಲೇ ಇರಬೇಕು.

ಹತ್ತಿ ಬಿಡಿಸಲು ಬರುವ ರಾಯವ್ವನನ್ನು ಕರೆದು, “ಎಲಿಚೂರು ಒಂದೂ ಇರಬಾರದು, ಇಬ್ಬನಿ ಆರಿದ ಮ್ಯಾಲೆ ಬಿಡಸ್ರಿ, ಮಣ್ಣಿನ ಹತ್ತಿ ಬ್ಯಾರೆ ಇಡ್ರಿ” ಅಂದೆ. ಅವಳು ಸೊಂಟಕ್ಕೆ ಕೈಯಿಟ್ಟು, “ಹಂಗ ಬಿಡಿಸಿದ್ರ ಯಾರ್ ಹೆಚ್ಚಿಗಿ ಕೊಡತಾರ್ರೀ? ಶಲ್ಯದಾಗ ಎಲ್ಲಾ ಒಂದ” ಅಂದಳು. ನೋಡು, ನಿನ್ನ ಗುರುಗಳ ಪ್ರಶ್ನೆಗೆ ಅರ್ಧ ಉತ್ತರ ನಮ್ಮ ಹೊಲದಲ್ಲೇ ಸಿಕ್ಕಿತು. ಅವಳಿಗೆ ಕೂಲಿ ಹೆಚ್ಚು ಕೊಟ್ಟು ಬಿಡಿಸಿದೆ.

ಮಾರ್ಚಿ ಇಪ್ಪತ್ತೊಂಬತ್ತಕ್ಕೆ ಐದು ಗಾಡಿ ಹೇರಿ ಪೇಟೆಗೆ ಹೋದೆ. ಅಂಡಿಗೆಗಳ ಬಾಯಿ ಮಾತ್ರವಲ್ಲ, ಹೊಟ್ಟೆಯನ್ನೂ ಬಿಚ್ಚಿಸಿದೆ. ಮೇಲೆ ಬಿಳಿ ಹತ್ತಿ, ನಡುವೆ ಕಸ, ಇದು ಎಲ್ಲರೂ ಮಾಡುವುದು. ನನ್ನದು ನಡುವೆಯೂ ಬಿಳಿ. ಗಾಡಿಯ ಮೇಲೆ ನಿಂತು, ಸೆರಗು ಬಿಗಿದು, ಕೂಗಿದೆ: “ಇಪ್ಪತ್ತೆಂಟು! ಕೈ ಹಾಕಿ ನೋಡ್ರಿ! ಇಪ್ಪತ್ತೆಂಟು!”

ಪೇಟೆಯೆಲ್ಲ ತಿರುಗಿ ನೋಡಿತು. ಗಂಡಸರು ನೆಲ ನೋಡಿದರು. ಆಮೇಲೆ ನಗು. ಮೊದಲ ದಿನ ಯಾರೂ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ವೀರಪ್ಪ ಎದುರಿಗಿನ ಅಂಗಡಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಾ ನೋಡುತ್ತಿದ್ದ. ಮೂರನೆಯ ದಿನ ಪಡುವಣದಲ್ಲಿ ಮೋಡ ಎದ್ದಿತು. ಬಿಚ್ಚಿಟ್ಟ ಹತ್ತಿಯ ಮೇಲೆ ನಾಲ್ಕು ಹನಿ ಬಿದ್ದರೆ ಹೊಲ ಹೋದಂತೆಯೇ. “ವೈನಿ, ಕಟ್ಟಿಸ್ರಿ ಸಾಕು, ನಾ ಮಾರಿ ಕೊಡತೇನಿ” ಎಂದು ವೀರಪ್ಪ ಎದ್ದು ಬಂದ. ಬಹಳ ಮೆಲ್ಲಗೆ ಹೇಳಿದ, ಅದೇ ಕೆಟ್ಟದ್ದು. ಒಪ್ಪಿಬಿಡೋಣ ಅನ್ನಿಸಿದ್ದು ನಿಜ, ನಿನ್ನೆದುರಿಗೆ ಸುಳ್ಳೇಕೆ? ಆದರೂ ಮತ್ತೆ ಕೂಗಿದೆ. ದನಿ ಒಡೆದು ಹೋಗಿತ್ತು.

ಆಗ ಒಬ್ಬ ಹೊಸಬ ನಿಂತ. ಮುಂಬಯಿಯ ಯಾವುದೋ ಗಿರಣಿಗೆ ಹತ್ತಿ ಕೊಳ್ಳುವವನು, ಮರಾಠಿ ಮಾತು, ನಮ್ಮ ಬೆರಳಿನ ಭಾಷೆ ಅವನಿಗೆ ಬಾರದು. ಅಂಡಿಗೆಯೊಳಗೆ ಮೊಣಕೈವರೆಗೆ ಕೈ ಇಳಿಸಿದ. ಎಳೆ ಎಳೆದು ನೋಡಿದ. ತಲೆಯೆತ್ತಿ ಎಲ್ಲರಿಗೂ ಕೇಳುವಂತೆ, “ಪಂಚವೀಸ್!” ಅಂದ. ಇಪ್ಪತ್ತೈದು!

ನಾನು ಬಾಯಿ ತೆರೆಯುವ ಮೊದಲೇ ಏನಾಯಿತು ಗೊತ್ತೇ? ಹೋದ ವರ್ಷದ ಆ ದಲಾಲನಿಗೆ, ಪರಊರಿನವನು ತನ್ನ ಕಣ್ಣೆದುರಿಗೆ ಮಾಲು ಎತ್ತುವುದನ್ನು ತಡೆಯಲಾಗಲಿಲ್ಲ. ಮೂವತ್ತು ವರ್ಷ ಪೇಟೆಯಲ್ಲಿ ದರ ಬಾಯಿಬಿಡದ ಮನುಷ್ಯ ಎದ್ದು ನಿಂತು ಗಟ್ಟಿಯಾಗಿ, “ಇಪ್ಪತ್ತಾರೂವರಿ!” ಎಂದುಬಿಟ್ಟ. ಅಂದ ಮೇಲೆ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ.

ಹಿಂದಿನಿಂದ ಮಡಿವಾಳೆಪ್ಪ ನುಗ್ಗಿ ಬಂದ. ಅವನು ಅಂದು ಮುಂಜಾನೆಯೇ ಅದೇ ದಲಾಲನಿಗೆ ಮಾರಿದ್ದ. “ಸಾವಕಾರ್ರ, ಮುಂಜಾನಿ ನನ್ನ ಕೈಯಾಗ ಇಪ್ಪತ್ಮೂರ ಇಟ್ರಿ. ಈಗ ಬಾಯಾಗ ಇಪ್ಪತ್ತಾರೂವರಿ ಹೆಂಗ್ ಬಂತರಿ?”

“ನಿಂದು ಕಸದ ಹತ್ತಿ. ಆಕಿದು ಸ್ವಚ್ಛ ಐತಿ.”

“ಹಂಗಂತ ಇಷ್ಟ ವರ್ಷ ಯಾಕ ಹೇಳ್ಲಿಲ್ಲ? ಹೇಳಿದ್ರ ನಾನೂ ಸ್ವಚ್ಛ ಮಾಡ್ತಿದ್ದಿಲ್ಲೇನು?”

ಸವದತ್ತಿಯವರು, ಕಟಕೋಳದವರು, ಎಲ್ಲ ಸುತ್ತುಗಟ್ಟಿದರು. ಒಬ್ಬೊಬ್ಬನೂ ತನ್ನ ದರ ಹೇಳತೊಡಗಿದ. ಒಂದೇ ಮುಂಜಾನೆ, ಏಳು ದರ! ಮುಂಬಯಿಯವನಿಗೆ ಯಾರೋ ಅರ್ಥ ಹೇಳಿದರು, ಅವನ ಹುಬ್ಬು ಮೇಲೆ ಹೋಯಿತು. ಅವನು ಇಷ್ಟು ದಿನ ದಲಾಲರಿಗೆ ಇಪ್ಪತ್ತೊಂಬತ್ತು ಕೊಡುತ್ತಿದ್ದನಂತೆ. ಇಪ್ಪತ್ತೇಳೂವರೆಗೆ ನನ್ನ ಐದೂ ಗಾಡಿ ಅವನಿಗೇ ಹೋದವು, ಎಲ್ಲರ ಎದುರಿಗೆ, ಬಾಯಿಮಾತಿನಲ್ಲಿ. ಸಂಜೆಯ ಹೊತ್ತಿಗೆ ಪೇಟೆಯಲ್ಲಿ ಹತ್ತು ಜನ ಕೂಗುತ್ತಿದ್ದರು. ಶಲ್ಯಗಳು ಹೆಗಲ ಮೇಲಿದ್ದವು. ಮಳೆ ಬರಲಿಲ್ಲ, ಬಂದಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ಮಠದ ಹಿರಿಯರು ಹೊಲ ನನ್ನದೇ ಎಂದು ಕಟ್ಟೆಯ ಮೇಲೆ ಹೇಳಿದರು. ಈ ಸಲ ಯಾರೂ ನಗಲಿಲ್ಲ. ನಾನೇ ನಕ್ಕೆ.

ಈಗ ನಿನ್ನ ಪ್ರಬಂಧ. ನಿನ್ನೆ ರಾಯವ್ವ ಬಂದಿದ್ದಳು, ಬರುವ ವರ್ಷ ಬಿಡಿಸುವ ಕೂಲಿ ಮೊದಲೇ ಮಾತಾಡಲು. ಮನೋಳಿಯವರೂ ಅವಳನ್ನು ಕರೆದಿದ್ದಾರೆ. ಮಡಿವಾಳೆಪ್ಪ ಬೀಜ ಆರಿಸಿ ಇಡುತ್ತಿದ್ದಾನೆ. ಹತ್ತಿ ಒಳ್ಳೆಯದಾದರೆ ಇಲ್ಲೇ ಬೀಜ ಬಿಡಿಸುವ ಯಂತ್ರ ಹಾಕುತ್ತೇನೆ ಎಂದು ಮುಂಬಯಿಯವನು ಹೇಳಿ ಹೋದ. ನೋಡಿದೆಯಾ? ಯಂತ್ರ ಕೊನೆಗೆ ಬಂತು. ನಾಳೆ ಚೆನ್ನಾಗಿ ಮಾಡಿದರೆ ಅದರ ಬೆಲೆ ನನಗೇ ಸಿಗುತ್ತದೆ ಎಂದು ಗೊತ್ತಾದವನು ನಾಳೆ ಚೆನ್ನಾಗಿ ಮಾಡುತ್ತಾನೆ. ಅವನು ಮಾಡಿದ್ದನ್ನು ಪಕ್ಕದವನು ಕಂಡರೆ ನಾಡಿದ್ದು ಅವನೂ ಮಾಡುತ್ತಾನೆ, ಅದರ ಮೇಲೆ ಇನ್ನೊಂದು ಸೇರಿಸುತ್ತಾನೆ. ಅದಕ್ಕೇ ನಿಲ್ಲುವುದಿಲ್ಲ. ನಿನ್ನ ಎಂಟು ಕಾರಣಗಳು ಸುಳ್ಳಲ್ಲ, ಆದರೆ ಅವೆಲ್ಲ ಗಾಡಿಗೆ ಹೇರಿದ ಮಾಲು. ಗಾಡಿ ಎಳೆಯುವ ಎತ್ತು ಇದು.

ಮನೆಯೊಡತಿಯ ಆ ಹುಡುಗಿಯನ್ನು ಮಾತ್ರ ಬಿಡಬೇಡ, ಬರೆ. ಅವಳ ಬೆವರಿನ ದರವೂ ಇನ್ನೂ ಶಲ್ಯದ ಕೆಳಗೇ ಇದೆ.

ಗೋದಾಮಿನಲ್ಲಿ ಹತ್ತಿ ವಿಂಗಡಿಸುತ್ತೀಯೆಂದು ಓದಿ ಅತ್ತೆ. ಅತ್ತು ಮುಗಿಸಿ ಹಣ ಕಳಿಸಿದ್ದೇನೆ. ಹೊಟ್ಟೆ ತುಂಬ ಉಣ್ಣು, ಬಟಾಟಿಯಾದರೂ ಸರಿ.

ಗುರುಬಸವ್ವ

•

ಮ್ಯಾಂಚೆಸ್ಟರ್, ೧೫ ಜುಲೈ ೧೯೦೯

ಅಕ್ಕಾ,

ನಿನ್ನ ಪತ್ರವನ್ನು ಗೋದಾಮಿನಲ್ಲೇ ಓದಿ ಕೂಗಿಬಿಟ್ಟೆ. ಮೇಸ್ತ್ರಿ ಹೆದರಿ ಓಡಿ ಬಂದ.

ಎಂಟು ಕಾರಣ ಹರಿದು ಹಾಕಿ ಬೈಲಹೊಂಗಲದ ಪೇಟೆಯಿಂದ ಶುರುಮಾಡಿದೆ. ಹನ್ನೊಂದು ಹಾಳೆ, ಎರಡು ರಾತ್ರಿ. ಗುರುಗಳು ಕರೆಸಿದರು. ಹುಡುಗಿಯ ಭಾಗವನ್ನು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡರು. ಆಮೇಲೆ, ಈ ದಲಾಲ ನಿಜವಾಗಿಯೂ ಬಾಯಿ ಮುಚ್ಚಿಕೊಂಡನೇ ಎಂದು ಕೇಳಿ, ಮೇಜು ಬಡಿದು ನಕ್ಕರು. ವೇತನ ಸಿಕ್ಕಿತು, ಅಕ್ಕಾ. ಪ್ರಬಂಧದ ಮೊದಲ ಪುಟದಲ್ಲಿ ನನ್ನ ಹೆಸರಿನ ಮೇಲೆ ನಿನ್ನ ಹೆಸರು ಬರೆದಿದ್ದೇನೆ. ಇಲ್ಲಿ ಯಾರಿಗೂ ಅದನ್ನು ಉಚ್ಚರಿಸಲು ಬರುವುದಿಲ್ಲ, ಕಲಿಯಲಿ.

ನಿಜಗುಣ

•

ಬೈಲಹೊಂಗಲ, ೨೮ ಮಾರ್ಚ್ ೧೯೧೦

ನಿಜಗುಣಾ,

ಕೂಗಿ ಕೂಗಿ ಗಂಟಲು ಕಟ್ಟಿದೆ, ಆದ್ದರಿಂದ ಬರೆದೇ ಹೇಳಬೇಕು. ಎರಡನೆಯ ಸುಗ್ಗಿ. ಪೇಟೆಯಲ್ಲಿ ಮೂರು ಗಿರಣಿಯವರು ಕೊಳ್ಳಲು ಬಂದಿದ್ದರು. ಕಟಕೋಳದಿಂದಲೇ ನಲವತ್ತು ಗಾಡಿ. ಹೋದ ವರ್ಷ ನನ್ನದೊಂದೇ ಬಿಳಿಯಿತ್ತು, ಈ ವರ್ಷ ಯಾರ ಅಂಡಿಗೆ ಬಿಚ್ಚಿದರೂ ಬಿಳಿ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಆಮೇಲೆ ಬಹಳ ಖುಷಿಯಾಯಿತು. ರಾಯವ್ವ ಕೂಲಿ ಹೇಳಿದಷ್ಟು ಕೊಡದಿದ್ದರೆ ಹೊಲಕ್ಕೆ ಇಳಿಯುವುದಿಲ್ಲ, ಮೈತುಂಬ ಹೊಸ ಇಳಕಲ್ ಸೀರೆ.

ನಿನ್ನೆ ಮುಂಜಾನೆ ವೀರಪ್ಪ ತನ್ನ ಗಾಡಿಗಳನ್ನು ನನ್ನ ಗಾಡಿಯ ಪಕ್ಕಕ್ಕೆ ತಂದು ನಿಲ್ಲಿಸಿದ. ಬಹಳ ಹೊತ್ತು ಎತ್ತಿನ ಕೊರಳು ಸವರಿದ.

“ವೈನಿ, ಆ ನಾಲ್ಕು ರೂಪಾಯಿದ್ದು ತಪ್ಪಾತು” ಅಂದ. ನಾಲ್ಕು ವರ್ಷದಲ್ಲಿ ಮೊದಲ ಸಲ. “ನನ್ನ ಹತ್ತೀನೂ ನೀವ ಕೂಗಿ ಕೊಡ್ರಿ. ನನಗ ನಾಲ್ಕು ಮಂದ್ಯಾಗ ಬಾಯಿ ಬರೂದಿಲ್ಲ.”

“ಅಂಡಿಗಿ ಬಿಚ್ಚಪಾ ಮೊದಲ.”

ಬಿಚ್ಚಿದ. ಮೇಲೆ ಬಿಳಿ, ನಡುವೆ ಎರಡು ಹಿಡಿ ಎಲೆಚೂರು. ನನ್ನ ಮುಖ ನೋಡಿ, ತಾನೇ ಕೂತು ಆರಿಸಿ ತೆಗೆದ. ಅರ್ಧ ತಾಸು ಹಿಡಿಯಿತು. ನಾನು ಕಾದೆ.

“ಈಗ ಕೂಗು. ನಿನ್ನ ಬಾಯಿಗೇನಾಗೇತಿ? ನಾ ಕೂಗೂದಿಲ್ಲ.”

ಗಾಡಿ ಹತ್ತಿದ. ಮೊದಲ ಸಲ ದನಿ ಬರಲಿಲ್ಲ. ಎರಡನೆಯ ಸಲ ಪಕ್ಕದ ಎತ್ತು ತಿರುಗಿ ನೋಡಿತು. ಮೂರನೆಯ ಸಲ ಇಡೀ ಪೇಟೆಗೆ ಕೇಳುವಂತೆ, “ಮೂವತ್ತು!” ಎಂದ. ಹುಬ್ಬಳ್ಳಿಯವನೊಬ್ಬ ಮೂವತ್ತಕ್ಕೇ ತೆಗೆದುಕೊಂಡ. ವೀರಪ್ಪ ಗಾಡಿಯ ಮೇಲೆ ನಿಂತೇ ಚಿಕ್ಕ ಹುಡುಗನ ಹಾಗೆ ನಕ್ಕ, ಅವನು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ.

ಆಮೇಲೆ ನಾನು ನನ್ನ ಗಾಡಿ ಹತ್ತಿ ಕೂಗಿದೆ. ಮೂವತ್ತೆರಡಕ್ಕೆ ಹೋಯಿತು.

ಗುರುಬಸವ್ವ